ಪೂಜೆಗೊಂಡ ಹುತ್ತ

ಬಹಳ ಹಿಂದೆ, ಊರಿಗಿಂತ ಕಾಡೇ ದೊಡ್ಡದಾಗಿದ್ದ ಕಾಲದಲ್ಲಿ, ಹಾಲುಬಾವಿ ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದ ಕೂಸುಗಳು ಅಳುತ್ತಿರಲಿಲ್ಲ. ಧೂಮಕೇಶಿ ಎಂಬ ಮಾಂತ್ರಿಕ ಅವುಗಳ ದನಿಯನ್ನೆಲ್ಲ ಕದ್ದು, ಕಂಚಿನ ಕೊಡದಲ್ಲಿ ತುಂಬಿ, ನಡುಗಾಡಿನ ಮಡುವಿನಲ್ಲಿ ಮುಳುಗಿಸಿಟ್ಟಿದ್ದ.

ತನ್ನಕ್ಕನ ಕೂಸೂ ದನಿಯಿಲ್ಲದೆ ಹುಟ್ಟಿದಾಗ ಕೆಂಚೀರನೆಂಬ ಯುವಕ ಕಾಡಿಗೆ ಹೊರಟ. ತೊರೆಯ ದಂಡೆಯಲ್ಲಿ ಒಂದು ಕುಳ್ಳ ಮೊಸಳೆ ಸಿಕ್ಕಿತು. ಅದರ ಮೈಯೆಲ್ಲ ಮೂಳೆಯ ಬಿಲ್ಲೆ. ಚಪ್ಪಲಿಗೂ ಬಾರದ ಚರ್ಮವೆಂದು ಬೇಟೆಗಾರರು ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಗೆದ್ದಲಿನ ಹುತ್ತಕ್ಕೆ ಒತ್ತಿಕೊಂಡಂತೆ ತರಗೆಲೆಗಳನ್ನು ಗುಡ್ಡೆಹಾಕಿ, ಒಳಗೆ ಮೊಟ್ಟೆಯಿಟ್ಟು, ಅದು ಕಾವಲು ಕೂತಿತ್ತು.

ಕೆಂಚೀರ ತನ್ನ ಕಷ್ಟ ಹೇಳಿಕೊಂಡು ಸಹಾಯ ಬೇಡಿದ.

"ಬಿಸಿಲು ಬೀಳದ ಕಾಡು ತಮ್ಮಾ, ನನ್ನ ಮೊಟ್ಟೆಗಳಿಗೆ ಹುತ್ತದ್ದೇ ಕಾವು," ಎಂದಿತು ಮೊಸಳೆ. "ಆದರೆ ಗೆದ್ದಲು ಸುಮ್ಮನಿರುತ್ತವೆಯೇ? ಗೂಡಿಗೂ ಮಣ್ಣು ಮೆತ್ತಿ ಕಲ್ಲು ಮಾಡುತ್ತವೆ. ಮರಿಗಳು ಒಳಗಿಂದ ಕರೆದಾಗ ನಾನೇ ಬಗೆದು ತೆಗೆಯಬೇಕು. ಇಲ್ಲದಿದ್ದರೆ ಒಳಗೇ ಸಾಯುತ್ತವೆ. ಅಷ್ಟರೊಳಗೆ ನನ್ನನ್ನು ಇಲ್ಲಿಗೆ ತಲುಪಿಸುವುದಾದರೆ ಬರುತ್ತೇನೆ."

"ತಲುಪಿಸುತ್ತೇನೆ ಅಕ್ಕಾ, ನನ್ನಕ್ಕನ ಕೂಸಿನಾಣೆ."

ಮೊದಲು ಮುಳ್ಳಿನ ಕೋಟೆ ಅಡ್ಡ ಬಂತು. ಮೊಸಳೆ ನೆಲದಡಿ ಬಿಲ ತೋಡಿ ಅವನನ್ನು ದಾಟಿಸಿತು. ಆಮೇಲೆ ಕಬ್ಬಿಣದ ಗಿಡುಗಗಳು ಎರಗಿದವು. ಕೆಂಚೀರ ಮೊಸಳೆಯನ್ನೇ ತಲೆಯ ಮೇಲೆ ಹೊತ್ತುಕೊಂಡ. ಅದರ ಬೆನ್ನು ಕುಕ್ಕಿ ಕುಕ್ಕಿ ಕೊಕ್ಕುಗಳೇ ಮುರಿದವು. ಕೊನೆಗೆ ಮಡುವಿನ ದಂಡೆಯಲ್ಲಿ ಎದುರಾದ ಧೂಮಕೇಶಿ ತಪ್ಪಿಸಿಕೊಳ್ಳಲು ನೀರಿಗೆ ಹಾರಿ, ಏಡಿಯಾಗಿ ಕಲ್ಲಿನ ಸಂದಿಗೆ ನುಗ್ಗಿದ. ಮಹಾ ಬುದ್ಧಿವಂತ! ಏಡಿ ಈ ಮೊಸಳೆಯ ದಿನದ ಊಟವೆಂದು ಅವನಿಗೆ ತಿಳಿದಿರಲಿಲ್ಲ. ಕಟುಂ ಎಂದಿತು, ಮುಗಿಯಿತು.

ಅವನು ಸತ್ತೊಡನೆ ಮಡುವಿನಲ್ಲಿದ್ದ ಕೊಡ ತಾನೇ ಒಡೆಯಿತು. ಹಾಲುಬಾವಿಯ ಮನೆಮನೆಯಲ್ಲೂ ಕೂಸುಗಳು ಕಿರುಚಿ ಅತ್ತವು.

ರಾಜ ಅವರಿಬ್ಬರನ್ನೂ ಪಲ್ಲಕ್ಕಿಯಲ್ಲಿ ಅರಮನೆಗೆ ಕರೆಸಿಕೊಂಡ. "ಮರಿಗಳು ಕರೆಯುವ ಹೊತ್ತಾಯಿತು ತಮ್ಮಾ," ಎಂದು ಮೊಸಳೆ ಗೋಗರೆಯಿತು. "ಹಾರ ಹಾಕಿಸಿಕೊಂಡು ಹೋಗೋಣ ಅಕ್ಕಾ," ಎಂದ ಕೆಂಚೀರ. ಮಾತು ಬಾಯಿಗೆ ಬಂದಾಗ ನಿಲ್ಲಿಸುವುದು ಅವನಿಗೆ ಗೊತ್ತಿರಲಿಲ್ಲ. ಹುತ್ತದ ಸುದ್ದಿಯನ್ನೂ ರಾಜನಿಗೆ ಹೇಳಿಬಿಟ್ಟ. ರಾಜ ಭಕ್ತಿಯಿಂದ ಕೈಮುಗಿದು, ಹುತ್ತಕ್ಕೆ ಪೂಜೆ ಮಾಡಿಸಿ ಗುಡಿ ಕಟ್ಟಲು ಅಪ್ಪಣೆ ಕೊಟ್ಟ. ಇತ್ತ ಸನ್ಮಾನ ನಡೆಯುತ್ತಿದ್ದಂತೆ ಅತ್ತ ಕಲ್ಲುಕುಟಿಗರು ಹುತ್ತವನ್ನೂ ಗೂಡನ್ನೂ ಸೇರಿಸಿ ಸುತ್ತ ನೆಲದಾಳದಿಂದ ಗೋಡೆ ಎಬ್ಬಿಸಿ, ಮೇಲೆ ಚಪ್ಪಡಿ ಹೊದಿಸಿ, ಗಾರೆ ಬಳಿದರು.

ಕೆಂಚೀರ ಮಾತಿಗೆ ತಪ್ಪಲಿಲ್ಲ. ಮೊಸಳೆಯನ್ನು ಅಲ್ಲಿಗೇ ತಲುಪಿಸಿದ. ಒಳಗಿಂದ ಮರಿಗಳ ಕರೆ ಕೇಳುತ್ತಿತ್ತು.

"ಒಡೆಸು ತಮ್ಮಾ, ಬೇಗ ಒಡೆಸು!"

"ಪೂಜೆಗೊಂಡ ಹುತ್ತಕ್ಕೆ ಹಾರೆ ಹಾಕುವುದುಂಟೇ ಅಕ್ಕಾ? ಊರಿಗೇ ಕೇಡು. ದೇವರಿದ್ದಾನೆ, ನೋಡಿಕೊಳ್ಳುತ್ತಾನೆ."

ಮೊಸಳೆ ಗೋಡೆಯನ್ನು ಕೆರೆಯಿತು. ಉಗುರು ಕಿತ್ತುಬಂದವು. ಜನ ಹುತ್ತವೇ ಮಾತಾಡುತ್ತಿದೆಯೆಂದು ಗಲ್ಲ ಬಡಿದುಕೊಂಡು ಗೋಡೆಗೆ ಹಾಲು ಸುರಿದರು. ಆ ಭಕ್ತಿಗೆ ಬೆಂಕಿ ಬೀಳಲಿ! ಅವರಲ್ಲಿ ಒಬ್ಬನಿಗಾದರೂ ಅದು ಮರಿಗಳ ದನಿ ಎನಿಸಲಿಲ್ಲ. ಗೊತ್ತಿದ್ದ ಕೆಂಚೀರ ಬಾಯಿ ಬಿಡಲಿಲ್ಲ.

ಕರೆ ಸಣ್ಣದಾಯಿತು. ಮರುದಿನ ಕೇಳಲಿಲ್ಲ.

"ದೇವರು ತೃಪ್ತನಾದ," ಎಂದ ಪೂಜಾರಿ. ಪ್ರಸಾದ ಹಂಚಿದರು. ಕೆಂಚೀರನೂ ಕೈಯೊಡ್ಡಿದ. ದುಷ್ಟ ಮಾಂತ್ರಿಕ ಸತ್ತಿದ್ದ, ರಾಜ್ಯಕ್ಕೆ ಒಳ್ಳೆಯದಾಗಿತ್ತು, ಎಲ್ಲರೂ ಸುಖವಾಗಿ ಬಾಳಿದರು. ಮೊಸಳೆ ಮಾತ್ರ ಗೋಡೆಗೆ ಕಿವಿಯಿಟ್ಟು ಇನ್ನೂ ಅಲ್ಲೇ ಮಲಗಿತ್ತು.