ಲಾಕ್ ತೆಗೆಯದೆ ಕಾಣುವ ಹೆಸರು

ಬುಧವಾರ ಬೆಳಿಗ್ಗೆ 9.20ಕ್ಕೆ ಶರಣಮ್ಮ ಕಾಪು ಠಾಣೆಯ ಮೆಟ್ಟಿಲು ಹತ್ತಿದಳು. ಗಾರೆ ಕೆಲಸದ ಗಂಡ ಸಿದ್ದಣ್ಣ ಸೋಮವಾರದಿಂದ ಕಾಣೆ. ದೂರು ಬರೆದುಕೊಂಡವಳು ಹೆಡ್ ಕಾನ್‌ಸ್ಟೆಬಲ್ ಚಂಪಾ.

"ಮೇಸ್ತ್ರಿ ಎಂತ ಹೇಳ್ತಾನೆ?"

"ಊರಿಗೆ ಹೋಗ್ಯಾನ ಅಂತಾರ್ರಿ ಸುಂದರಣ್ಣ. ಅಂಗಿ ಎಲ್ಲಾ ಮನ್ಯಾಗ ಅದಾವು. ಮೈಮ್ಯಾಲಿನ ಕೆಲಸದ ಅಂಗಿ ಮ್ಯಾಲೆ ಊರಿಗೆ ಹೋಗ್ತಾನೇನ್ರಿ?"

ಆ ಮಾತು ಚಂಪಾಳಿಗೆ ನಾಟಿತು. ಎಫ್‌ಐಆರ್ ಮುಗಿಸಿದವಳೇ ಆಸ್ಪತ್ರೆಗಳಿಗೆ ಒಂದೊಂದಾಗಿ ಫೋನ್ ಮಾಡಿದಳು. ಮಣಿಪಾಲದಲ್ಲಿ ಸುಳಿವು ಸಿಕ್ಕಿತು. ಸೋಮವಾರ ಸಂಜೆ ಪಡುಬಿದ್ರಿಯ ಹೆದ್ದಾರಿ ಬದಿಯಲ್ಲಿ ಬಿದ್ದಿದ್ದ ಗಂಡಸು, ಪ್ರಜ್ಞೆಯಿಲ್ಲ, ಕೇಳುವವರಿಲ್ಲ.

11.30ಕ್ಕೆ ಶರಣಮ್ಮ ಆ ಹಾಸಿಗೆಯ ಬಳಿ ನಿಂತು ಗಂಡನ ಪಾದ ಹಿಡಿದುಕೊಂಡಳು. ಉಳಿಯುತ್ತಾನೋ ಇಲ್ಲವೋ ಸಂಜೆಯವರೆಗೆ ಹೇಳಲಾಗದು ಎಂದರು ಡಾಕ್ಟರು.

ಚಂಪಾಳ ಜೊತೆ ಬಂದಿದ್ದ ಎಸ್‌ಐ ಕ್ಲಾರೆನ್ಸ್ ಗಾಯಗಳನ್ನು ನೋಡಿದರು. "ರಸ್ತೆಗೆ ಉಜ್ಜಿದ್ದು ಒಂದೂ ಇಲ್ಲ, ಚಂಪಾ. ಇದು ಮೇಲಿಂದ ಬಿದ್ದದ್ದು."

ನರ್ಸ್ ಐರಿನ್ ಅವನ ಫೋನ್ ತಂದುಕೊಟ್ಟಳು. "ಲಾಕ್ ಉಂಟು ಮೇಡಂ. ಆದ್ರೆ ತುರ್ತು ನಂಬರು ಲಾಕ್ ತೆಗೆಯದೆ ಕಾಣ್ತದೆ. 'ಅಣ್ಣ' ಅಂತ ಒಂದೇ ಹೆಸರು. ಅವತ್ತೇ ಮಾಡಿದ್ದೆ. ವಿಷಯ ಎಲ್ಲ ಕೇಳಿ, ಆಮೇಲೆ ರಾಂಗ್ ನಂಬರ್ ಅಂದ್ರು."

"ಎಷ್ಟು ಹೊತ್ತಿಗೆ?"

"6.10. ಎರಡು ನಿಮಿಷ ಮಾತು. ಬರೆದಿಟ್ಟಿದ್ದೇನೆ."

ದೂರಿನಲ್ಲಿದ್ದ ಮೇಸ್ತ್ರಿಯ ನಂಬರೂ ಅದೇ.

"ಎಲ್ಲಾರ ಫೋನಿಗೂ ಅವರೇ ಹಾಕಿ ಕೊಟ್ಟಾರ್ರಿ," ಎಂದಳು ಶರಣಮ್ಮ. "ನಿಮ್ಮ ಊರು ದೂರ, ಏನಾದ್ರೂ ಆದ್ರೆ ಮೊದಲು ನನಗೆ ಗೊತ್ತಾಗ್ಲಿ ಅಂದಿದ್ರು."

ಮಧ್ಯಾಹ್ನ 3ಕ್ಕೆ, ಸಿದ್ದಣ್ಣ ಕೆಲಸ ಮಾಡುತ್ತಿದ್ದ ಕಾಪುವಿನ ಕಟ್ಟಡದಲ್ಲಿ ಪಂಚನಾಮೆ ನಡೆಯಿತು. ಮೂರನೇ ಮಹಡಿಯ ಹೊರಗೆ ಮುರಿದ ಹಲಗೆ. ಕೆಳಗೆ ಹೊಸ ಮರಳು, ಅದರಡಿಯಲ್ಲಿ ರಕ್ತದ ಕಲೆ.

"ಸೋಮವಾರ 6.10ಕ್ಕೆ ಫೋನ್ ಬಂತಾ?" ಕ್ಲಾರೆನ್ಸ್ ಮೇಸ್ತ್ರಿಯನ್ನು ಕೇಳಿದರು.

"ಯಾರೋ ರಾಂಗ್ ನಂಬರ್ ಸರ್."

"ರಾಂಗ್ ನಂಬರಿನವರ ಹತ್ತಿರ ಎರಡು ನಿಮಿಷ ಎಂತ ಮಾತಾಡಿದ್ದು ಮಾರಾಯ?"

ಸುಂದರ ಮರಳಿನ ಮೇಲೆಯೇ ಕುಳಿತುಬಿಟ್ಟ. "ಸೇಫ್ಟಿ ಬೆಲ್ಟ್ ಕೊಟ್ಟಿರಲಿಲ್ಲ ಸರ್. ಕೇಸಾದ್ರೆ ಇನ್ನು ಯಾರೂ ಕೆಲಸ ಕೊಡ್ಲಿಕ್ಕಿಲ್ಲ ಅಂತ ಹೆದರಿದೆ. ಸತ್ತ ಅಂತ ತಿಳಿದೇ ಪಿಕಪ್ಪಲ್ಲಿ ಹಾಕಿ ಅಲ್ಲಿ ಬಿಟ್ಟು ಬಂದದ್ದು. ಫೋನ್ ಬಂದಾಗ ಜೀವ ಉಂಟು ಅಂತ ಗೊತ್ತಾಯ್ತು. ಆಗ ಹೌದು ಅನ್ಲಿಕ್ಕೆ ಬಾಯಿ ಬರಲಿಲ್ಲ."

4.40ಕ್ಕೆ ಬಂಧನ. ಸಾಕ್ಷ್ಯವೆಂದು ಅವನ ಫೋನಿಗೆ ಅರಗಿನ ಮೊಹರು ಬಿತ್ತು. ಚಂಪಾ ಠಾಣೆಯಲ್ಲಿ ಬಂಧನ ಪತ್ರ ತುಂಬಿಸಲು ಕುಳಿತಳು.

"ಯಾರಿಗೆ ತಿಳಿಸಬೇಕು?"

"ಹೆಂಡತಿಗೆ. ಕಾರ್ಕಳದಲ್ಲಿದ್ದಾಳೆ."

"ನಂಬರು?"

"ಫೋನಲ್ಲಿ ಉಂಟು. ಬಾಯಿಗೆ ಬರುವುದಿಲ್ಲ ಮೇಡಂ."

ಅಷ್ಟರಲ್ಲಿ ಆಸ್ಪತ್ರೆಯಿಂದ ಶರಣಮ್ಮನ ಕರೆ ಬಂತು. "ಕಣ್ಣು ತೆರದಾನ್ರಿ. ನೀರು ಅಂದ."

ನರ್ಸನ್ನು ಕೇಳಿಯೇ ನೀರು ಕೊಡು ಎಂದಳು ಚಂಪಾ. ಆಮೇಲೆ, ಮೇಸ್ತ್ರಿಯ ಹೆಂಡತಿಯ ನಂಬರು ಗೊತ್ತುಂಟಾ ಎಂದು ಕೇಳಿದಳು.

"ಬಾಯಾಗ ಐತ್ರಿ. ಎರಡು ದಿನ ಅವರಿಗೂ ಫೋನ್ ಹಚ್ಚಿ ಹಚ್ಚಿ ಕೇಳೀನಲ್ರಿ," ಎಂದು ಶರಣಮ್ಮ ಒಂದೊಂದೇ ಅಂಕೆ ಹೇಳತೊಡಗಿದಳು. ಚಂಪಾ ಹತ್ತನ್ನೂ ಬರೆದುಕೊಂಡಳು.