ಕುರುಬರಹಳ್ಳಿಯ ಭುವನೇಶ್ವರಿ

ಸ್ಕೂಲ್ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದೇ ಒಂದು ಕುರ್ಚಿ. ಕೈ ಇರುವ ದೊಡ್ಡ ಕುರ್ಚಿ, ಬೆನ್ನಿಗೆ ಒರಗಿಸಿದ ದಿಂಬು, ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟ ಬಿಸಿನೀರು. ಕುರ್ಚಿಯ ಹಿಂದೆ, ಅಂಗಿ ತುಂಬ ಬಣ್ಣ ಮೆತ್ತಿಕೊಂಡ ಗಂಡಸೊಬ್ಬ ಯಾರದೋ ದಾರಿ ಕಾಯುತ್ತ ನಿಂತಿದ್ದ.

"ಯಾರು ಬೇಕಿತ್ತು?" ಅಂದ.

"ಲೇಬಲ್ ಬರೆಯೋಕೆ ಬಂದೆ. ಅಧ್ಯಕ್ಷರು ಹೇಳಿ ಕಳಿಸಿದ್ರು."

"ಅದಕ್ಕೆ ಕುರುಬರಹಳ್ಳಿಯಿಂದ ತಾಯಮ್ಮ ಅನ್ನೋರು ಬರ್ತಾರೆ. ವಯಸ್ಸಾದೋರು, ಪಾಪ, ನಡ್ಕೊಂಡೇ ಬರ್ತಾರಂತೆ. ನೀವು ಅವರಿಗೆ ಸಹಾಯ ಮಾಡೋಕೆ ಬಂದ್ರಾ?"

"ನಾನೇ ತಾಯಮ್ಮ."

ಅವನ ಮುಖ ನೋಡಬೇಕಿತ್ತು! ಕುರ್ಚಿ ನೋಡಿದ, ದಿಂಬು ನೋಡಿದ, ಇವಳನ್ನು ನೋಡಿದ. ಕೊನೆಗೆ ಏನೂ ತೋಚದೆ ಬಿಸಿನೀರಿನ ಲೋಟ ಎತ್ತಿ ತಾನೇ ಗಟಗಟ ಕುಡಿದುಬಿಟ್ಟ. ನಾಲಿಗೆ ಸುಟ್ಟಿತು ಅಂತ ಬೇರೆ ಹೇಳಬೇಕೆ.

ಪೂರ್ತಿ ಹೆಸರು ಬಿ. ಮುನಿತಾಯಮ್ಮ. ಅಜ್ಜಿಯ ಹೆಸರು. ಕುರುಬರಹಳ್ಳಿಯ ರೈತ ಬೈರಪ್ಪನ ಒಬ್ಬಳೇ ಮಗಳು, ಊರಲ್ಲಿ ಬಿ.ಎ. ಪಾಸಾದ ಮೊದಲ ಹುಡುಗಿ, ರಾಜಾಜಿನಗರದ ಲೈಬ್ರರಿಯಲ್ಲಿ ಕೆಲಸ. ಅವಳ ಕನ್ನಡ ಅಕ್ಷರ ನೋಡಿದವರು ಅಚ್ಚು ಮಾಡಿಸಿದ್ದೇ ಅಂತ ಕೇಳುತ್ತಿದ್ದರು. ಕಾಲೇಜಿನಲ್ಲಿ ಹೆಸರು ಹಿಡಿದು ನಕ್ಕವರಿದ್ದರು. ಬದಲಾಯಿಸಿಕೋ ಅಂದ ಗೆಳತಿಯರೂ ಇದ್ದರು. "ನಮ್ಮಜ್ಜಿ ಹೆಸರಿಗೆ ಏನಾಗಿದೆ ರೋಗ?" ಅಂತ ಕೇಳಿ ಅವರ ಬಾಯಿ ಮುಚ್ಚಿಸಿದ್ದಳು.

ಅದು ಎಪ್ಪತ್ತಮೂರರ ಅಕ್ಟೋಬರ್. ನವೆಂಬರ್ ಒಂದಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಗುವುದಿತ್ತು. ರಾಜಾಜಿನಗರದ ತರುಣ ಸಂಘದವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಮನೆಯಿಂದ ಬೀಸೋಕಲ್ಲು, ವೀಣೆ, ಚನ್ನಪಟ್ಟಣದ ಗೊಂಬೆ, ಮಗ್ಗದ ಲಾಳಿ, ಹಳೇ ಫೋಟೋ ಎಲ್ಲ ತಂದು ಪ್ರದರ್ಶನ ಇಡುವುದು ಅಂತ ತೀರ್ಮಾನ. ನಡುವೆ ಆಳೆತ್ತರದ ತಾಯಿ ಭುವನೇಶ್ವರಿಯ ಚಿತ್ರ. ಅದನ್ನು ಬರೆಯುವುದು ಡ್ರಾಯಿಂಗ್ ಮೇಷ್ಟ್ರು ಸೇತುರಾಮನ ಪಾಲಿಗೆ ಬಂದಿತ್ತು, ಈಗ ನಾಲಿಗೆ ಸುಟ್ಟುಕೊಂಡನಲ್ಲ, ಅವನೇ.

ಲೈಬ್ರರಿ ಮುಗಿಸಿ ಅವಳು ದಿನಾ ಸಂಜೆ ಬರುತ್ತಿದ್ದಳು. ಹಾಲಿನ ಈ ಮೂಲೆಯಲ್ಲಿ ಅವಳ ಮೇಜು, ಆ ಮೂಲೆಯಲ್ಲಿ ಹಳೇ ಪಂಚೆ ಮುಚ್ಚಿದ ಅವನ ಚಿತ್ರ. ಯಾರಿಗೂ ತೋರಿಸುತ್ತಿರಲಿಲ್ಲ ಮಹರಾಯ.

"ನಿಮ್ಮ ಮನೆ ಎಲ್ಲಿ ಸಾರ್?" ಒಂದು ದಿನ ಅವಳೇ ಕೇಳಿದಳು.

"ಮಹಾಲಕ್ಷ್ಮಿ ಲೇಔಟ್. ಬಾವಿ ಪಕ್ಕದ ರಸ್ತೆ."

"ಓ, ನಮ್ಮ ತಾತನ ಅವರೆ ಹೊಲ! ನಿಮ್ಮ ಅಡಿಗೆಮನೆ ಇರೋ ಕಡೆ ಕಾವಲು ಗುಡಿಸಲಿತ್ತು."

"ಅದಕ್ಕೇ ನಮ್ಮಮ್ಮನ ಅವರೆಕಾಳು ಹುಳಿ ಅಷ್ಟು ಚೆನ್ನಾಗಿರುತ್ತೆ."

ನಗಬಾರದು ಅಂದುಕೊಂಡೇ ಅವಳು ನಕ್ಕಳು. ಅವನು ನಗು ನೋಡಿದ, ಕುಂಚ ನೋಡಿದ, ಮತ್ತೆ ನಗು ನೋಡಿದ.

ಹಳೇ ಫೋಟೋಗಳ ಗಾಜು ಒರೆಸುವಾಗ ಅವಳಿಗೊಂದು ವಿಷಯ ಗೊತ್ತಾಯಿತು. ಗಾಜನ್ನು ಒಂಚೂರು ವಾಲಿಸಿದರೆ ಬೆನ್ನ ಹಿಂದಿನ ಮೂಲೆ ಪೂರ್ತಿ ಕಾಣುತ್ತಿತ್ತು. ಅಲ್ಲಿ ಮೇಷ್ಟ್ರು ಪಂಚೆ ಸರಿಸಿ, ಕುಂಚ ಗಾಳಿಯಲ್ಲಿ ಹಿಡಿದು, ಇವಳ ಕಡೆಗೇ ನೋಡುತ್ತಿದ್ದ. ಗಾಜು ಫಳಫಳ ಹೊಳೆಯುತ್ತಿದ್ದರೂ ಅವಳು ಒರೆಸಿದ್ದೇ ಒರೆಸಿದ್ದು. ಆ ಸಂಜೆ ಮನೆಗೆ ಹೋಗುವಾಗ ನವರಂಗ್ ಟಾಕೀಸಿನ ಹತ್ತಿರ ತನ್ನಷ್ಟಕ್ಕೆ ನಗುತ್ತಿದ್ದಳು. ಹೌದು, ಅವಳಿಗೆ ಅವನು ಬೇಕಾಗಿದ್ದ. ಸುತ್ತಿಬಳಸಿ ಹೇಳುವುದೇನಿದೆ?

ಆದರೆ ಒಂದು ಕೊರತೆ. ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಮನುಷ್ಯ ಇವಳನ್ನು ಮಾತ್ರ "ನೋಡಿ ಇವರೇ" ಅನ್ನುತ್ತಿದ್ದ.

"ನಂಗೆ ಹೆಸರಿಲ್ವಾ?" ಅಂತ ಕೇಳಿಯೇಬಿಟ್ಟಳು.

"ಇದೆ. ಅದೇ ಕಷ್ಟ."

"ಏನು ಕಷ್ಟ? ಹಳ್ಳಿ ಹೆಸರು ಅಂತಾನಾ?"

"ಛೆ ಛೆ! ತಾಯಮ್ಮ ಅಂತ ಕರೆದುಬಿಟ್ರೆ... ಅದರ ಮುಂದೆ ಹೇಳಬೇಕು ಅಂದ್ಕೊಂಡಿರೋ ಮಾತು ಹೇಳಕ್ಕಾಗಲ್ಲ."

ಅವನ ಕಿವಿ ಅವನೇ ಕಲೆಸಿಟ್ಟ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಅವಳು ತಲೆ ಬಗ್ಗಿಸಿ ಬರೆಯತೊಡಗಿದಳು. ಬೀಸೋಕಲ್ಲಿನ ಲೇಬಲ್ಲಿನಲ್ಲಿ 'ಲ'ಗೆ ಒತ್ತು ತಪ್ಪಿತು. ಹುಟ್ಟಿದ ಮೇಲೆ ಅವಳು ಕನ್ನಡ ತಪ್ಪು ಬರೆದದ್ದು ಅದೊಂದೇ ಸಲವಿರಬೇಕು.

ಹಬ್ಬದ ಹಿಂದಿನ ಸಂಜೆ ಸಂಘದ ಅಧ್ಯಕ್ಷ ಗಂಗಾಧರಯ್ಯನವರು ಸದಸ್ಯರನ್ನೆಲ್ಲ ಕರೆದುಕೊಂಡು ಬಂದರು. ರಿಟೈರ್ಡ್ ಹೆಡ್‌ಮಾಸ್ಟರು, ಒಳ್ಳೆಯವರು, ಎಲ್ಲವೂ ಪದ್ಧತಿ ಪ್ರಕಾರ ಆಗಬೇಕು ಅನ್ನುವವರು. "ಎಲ್ಲಿ, ತಾಯಿನ ತೋರಿಸಿ" ಅಂತ ಪಂಚೆ ಎಳೆದರು.

ಎಲ್ಲರ ತಲೆ ಒಟ್ಟಿಗೆ ಲೇಬಲ್ ಮೇಜಿನ ಕಡೆ ತಿರುಗಿತು.

ಸಿಂಹಾಸನದ ಮೇಲೆ, ಹಳದಿ ಕೆಂಪು ಸೀರೆಯಲ್ಲಿ ಕೂತಿದ್ದವಳು ಮುನಿತಾಯಮ್ಮ. ಅದೇ ಅಗಲ ಹಣೆ, ಎರಡೂ ಕಡೆ ಮೂಗುಬೊಟ್ಟು, ನಗುವಾಗ ಇಣುಕುವ ಮುಂದಿನ ಹಲ್ಲು. ಬಣ್ಣವೂ ಅವಳದ್ದೇ, ಮಳೆ ಬಿದ್ದ ಮರುದಿನದ ಹೊಲದ ಹಾಗೆ ಕಪ್ಪು.

ತಾಯಮ್ಮ ಲೇಬಲ್ ಬಿಟ್ಟು ಎದ್ದು ನಿಂತಳು. ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ತಿಂದು "ಬಣ್ಣ ಒಂದು ಕಮ್ಮಿ" ಅಂದು ಹೋಗಿದ್ದರು. ಸ್ಟುಡಿಯೋದವನು ಅವಳ ಮುಖಕ್ಕೆ ಪೌಡರ್ ಬಳಿದೇ ಫೋಟೋ ಹಿಡಿದಿದ್ದ. ಈ ಮನುಷ್ಯ ಒಂದು ಚಿಟಿಕೆ ಪೌಡರೂ ಹಾಕದೆ ಅವಳನ್ನು ಸಿಂಹಾಸನದ ಮೇಲೆ ಕೂರಿಸಿದ್ದ. ಅಬ್ಬ, ಎಷ್ಟು ಚೆನ್ನಾಗಿದ್ದೀನಿ ನಾನು ಅಂತ ಅವಳಿಗೆ ಮೊಟ್ಟಮೊದಲ ಸಲ ಅನ್ನಿಸಿತು.

"ಏನ್ರೀ ಇದು ಸೇತುರಾಮ್?" ಗಂಗಾಧರಯ್ಯ ಕೇಳಿದರು.

"ತಾಯಿ ಚಿತ್ರ ಬರೀರಿ ಅಂದ್ರಿ ಸಾರ್. ನಂಗೆ ಕಣ್ಣು ಮುಚ್ಚಿದ್ರೆ ಕಾಣೋ ತಾಯಿ ಇವರೊಬ್ಬರೇ."

ಯಾರೋ ಕಿಸಕ್ಕೆಂದರು. ಗಂಗಾಧರಯ್ಯ ನಗಲಿಲ್ಲ, ಅವರಿಗೆ ವಿಷಯ ಪೂರ್ತಿ ಅರ್ಥವಾಗಿತ್ತು.

"ನೋಡಿ, ನಾಳೆ ಈ ಮುಖಕ್ಕೆ ಆರತಿ ಆಗುತ್ತೆ. ನಾನು, ನೀವು, ಇಡೀ ರಾಜಾಜಿನಗರ ತಾಯಿ ಅಂತ ಕೈಮುಗೀತೀವಿ. ಕೈಮುಗಿದ ಮೇಲೆ ಈ ಹುಡುಗಿ ನಿಮಗೂ ತಾಯಿ ಸಮಾನ. ಮನಸ್ಸಲ್ಲಿ ಬೇರೆ ಏನಾದ್ರೂ ಇದ್ರೆ, ಈಗಲೇ ಮುಖ ಬದಲಾಯಿಸಿ. ಹಾಗೇ ಬಣ್ಣಾನೂ ಒಂಚೂರು ತಿಳಿ ಮಾಡಿ. ಎರಡೂ ಬೇಕು ಅಂದ್ರೆ ಆಗಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ ಸೇತುರಾಮ. ಅಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಬರೆದ ಚಿತ್ರ. ಒಮ್ಮೆ ಚಿತ್ರ ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಮಾತಿಲ್ಲದೆ ಬಿಳಿ ಬಣ್ಣದ ಡಬ್ಬಿಗೆ ಕುಂಚ ಅದ್ದಿದ. ಚಿತ್ರ ಹೋದರೆ ಹೋಗಲಿ, ಹುಡುಗಿ ಬೇಕು ಅಂತ ಅವನು ಆರಿಸಿಕೊಂಡದ್ದು ಅವಳಿಗೆ ಗೊತ್ತಾಯಿತು.

ಕುಂಚ ಹಣೆ ಮುಟ್ಟುವ ಮೊದಲೇ ಅವಳು ಓಡಿಹೋಗಿ ಅವನ ಮುಂಗೈ ಹಿಡಿದಳು. ಮೊದಲ ಸಲ ಹಿಡಿದದ್ದು, ಅದೂ ಇಡೀ ಸಂಘದ ಎದುರಿಗೆ.

"ಮುಟ್ಟಬೇಡಿ. ನನ್ನ ಮುಖ ಅಲ್ಲೇ ಇರ್ಲಿ, ಇದೇ ಬಣ್ಣದಲ್ಲಿ ಇರ್ಲಿ."

"ಏನಮ್ಮಾ ಇದು..." ಅಂದರು ಗಂಗಾಧರಯ್ಯ.

"ನೋಡಿ ಸಾರ್, ಈಗ ನೀವು ಏನಮ್ಮಾ ಅಂದ್ರಿ. ನಾನು ನಿಮಗೆ ಅಮ್ಮ ಆದ್ನಾ? ನಮ್ಮಪ್ಪ ಬೆಳಗ್ಗೆ ಎದ್ರೆ 'ತಾಯೀ, ಒಂದು ಲೋಟ ನೀರು ಕೊಡವ್ವ' ಅಂತಾನೆ. ಹೆತ್ತಪ್ಪನೇ ತಾಯಿ ಅಂತಾನೆ, ಆದ್ರೂ ನಾನು ಅವನ ಮಗಳೇ. ಅಪ್ಪನಿಗೆ ತಾಯಿ ಆಗಿಯೂ ಮಗಳಾಗಿರೋಕೆ ಆಗುತ್ತೆ ಅಂದ್ರೆ..." ಉಸಿರೆಳೆದುಕೊಂಡಳು. ಇಷ್ಟು ದೂರ ಬಂದ ಮೇಲೆ ವಾಪಸ್ ಹೋಗುವ ಜಾಯಮಾನ ಅವಳದಲ್ಲ. "ಇವರಿಗೆ ತಾಯಿ ಆಗಿಯೂ ಹೆಂಡ್ತಿ ಯಾಕಾಗಬಾರದು?"

ಹೆಂಡ್ತಿ! ಅವಳ ಹಿಡಿತದಲ್ಲಿದ್ದ ಕೈಯಿಂದ ಕುಂಚ ಜಾರಿ ಸೇತುರಾಮನ ಪಾದದ ಮೇಲೆ ಬಿತ್ತು. ಅವನಿಗೆ ಅದರ ಪರಿವೆಯೂ ಇರಲಿಲ್ಲ.

"ಮುನಿ," ಅಂದ ಮೆಲ್ಲಗೆ. ಮೊದಲ ಸಲ ಹೆಸರು ಹಿಡಿದಿದ್ದ, ಅದೂ ಅರ್ಧ. "ನಾನು ಹೇಳಬೇಕಾಗಿದ್ದ ಮಾತು ಅದು."

"ನೀವು ಹೇಳೋ ಹೊತ್ತಿಗೆ ಇನ್ನೊಂದು ರಾಜ್ಯೋತ್ಸವ ಬರ್ತಿತ್ತು."

ಈ ಸಲ ಗಂಗಾಧರಯ್ಯನವರೂ ನಕ್ಕರು. ನಕ್ಕು, ಕನ್ನಡಕ ಒರೆಸಿಕೊಂಡು ಹೇಳಿದರು: "ನನ್ನ ಬಾಯಿ ಮುಚ್ಚಿಸಿದೆ ಬಿಡು. ನಾಳೆ ಆರತಿ ಎತ್ತೋದು ಇವರಮ್ಮ, ಅನಂತಲಕ್ಷ್ಮಿಯವರು. ಬೇರೆ ಜಾತಿ ಅಂದ್ರೆ ನೀರೂ ಇಳಿಯಲ್ಲ ಅವರ ಗಂಟಲಲ್ಲಿ. ಅವರಿಗೇನು ಹೇಳ್ತೀಯ?"

ಅವಳು ಸೇತುರಾಮನ ಮುಖ ನೋಡಿದಳು. "ಅಮ್ಮ ಬೇಡ ಅಂದ್ರೆ?" ಅಂತ ಕೇಳಿದಳು.

"ಬೇಡ ಅಂದ್ರೂ ನಿಮ್ಮನ್ನೇ ಮದುವೆ ಆಗ್ತೀನಿ. ಆದ್ರೆ ಅಮ್ಮನ್ನ ಬಿಟ್ಟು ಬಂದೆ ಅನ್ನೋ ಸಂಕಟ ಇದ್ದೇ ಇರುತ್ತೆ."

"ಆ ಸಂಕಟದ ಸಂಸಾರ ನಂಗೆ ಬೇಡ. ಹಿತ್ತಲ ಬಾಗಿಲಿಂದ ಬರೋ ಸೊಸೆ ನಾನಲ್ಲ. ನಾಳೆ ಚಿತ್ರದ ಪಕ್ಕದಲ್ಲೇ ನಿಂತಿರ್ತೀನಿ. ಅವರು ನೋಡ್ಲಿ, ನೋಡಿ ಹೇಳ್ಲಿ."

ಮರುದಿನ ಹಾಲಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕಾಮಾಕ್ಷಿಪಾಳ್ಯದ ಕಾರ್ಖಾನೆ ಹುಡುಗರು, ಲೇಔಟಿನ ಆಫೀಸರುಗಳು, ಕುರುಬರಹಳ್ಳಿಯ ಹೆಂಗಸರು ಎಲ್ಲ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದರು. "ಅಯ್ಯೋ, ನಮ್ಮ ಬೈರಪ್ಪನ ಮಗಳು ಕಣ್ರೇ! ನಮ್ಮ ತಾಯಿ!" ಅಂತ ಊರ ಹೆಂಗಸರು ಚಿತ್ರದ ಮುಂದೆ ಎದೆ ಮುಟ್ಟಿಕೊಂಡು ನಿಂತರು. ಬೈರಪ್ಪ ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡ. ಮಗಳು ಬೆಳಗ್ಗೆಯೇ ಅವನಿಗೆ ಎಲ್ಲ ಹೇಳಿದ್ದಳು.

ತಟ್ಟೆ ಹಿಡಿದು ಅನಂತಲಕ್ಷ್ಮಿ ಬಂದರು. ಅಂಚಿನ ಸೀರೆ, ಕಾಸಗಲ ಕುಂಕುಮ, ಗತ್ತಿನ ನಡಿಗೆ. ಅವರ ಕಣ್ಣೆಲ್ಲ ಮಗ ಬರೆದ ಚಿತ್ರದ ಮೇಲೇ. ಆರತಿ ಬೆಳಗಿದರು, ಚೌಕಟ್ಟಿಗೆ ಕುಂಕುಮ ಇಟ್ಟರು, ಕಣ್ಣು ಮುಚ್ಚಿ ಕೈಮುಗಿದರು.

"ಎಷ್ಟು ಕಳೆ ಕಣೋ!" ಅಂತ ಮಗನ ಕಡೆ ತಿರುಗಿದರು. ಹೆಮ್ಮೆಯಿಂದ ದನಿ ತುಂಬಿತ್ತು. "ನೋಡ್ತಾ ಇದ್ರೆ ನೋಡ್ತಾನೇ ಇರೋಣ ಅನ್ಸುತ್ತೆ. ಎಲ್ಲಿ ಸಿಕ್ಕಿದಳೋ ಇವಳು ನಿನಗೆ?"

"ಇಲ್ಲೇ ಅಮ್ಮ. ನಿನ್ನ ಪಕ್ಕದಲ್ಲೇ ಇದಾರೆ."

ಅನಂತಲಕ್ಷ್ಮಿ ತಿರುಗಿದರು. ತಾಯಮ್ಮ ಕಣ್ಣು ತಪ್ಪಿಸಲಿಲ್ಲ.

"ಯಾರಮ್ಮ ನೀನು?"

"ಮುನಿತಾಯಮ್ಮ. ಕುರುಬರಹಳ್ಳಿ ಬೈರಪ್ಪನವರ ಮಗಳು."

ಅವರು ಚಿತ್ರ ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ಮಗನನ್ನು. ಹೆತ್ತವಳಿಗೆ ಇನ್ನೇನು ಬಿಡಿಸಿ ಹೇಳಬೇಕು? "ಇವಳು ಬರೀ ಚಿತ್ರಕ್ಕೋ?" ಅಂತ ಕೇಳಿದರು.

"ಮನೆಗೂ ಅಮ್ಮ," ಅಂದ ಸೇತುರಾಮ. ದನಿ ನಡುಗಿತು, ಮಾತು ನಡುಗಲಿಲ್ಲ.

ಅನಂತಲಕ್ಷ್ಮಿ ತಟ್ಟೆ ಹಿಡಿದೇ ಮಗನ ಹತ್ತಿರ ಬಂದರು.

"ಕಳ್ಳ, ನನ್ನ ಕೈಲೇ ಆರತಿ ಎತ್ತಿಸಿಬಿಟ್ಟೆಯಲ್ಲೋ! ಮನೇಲಿ ಕೇಳಿದ್ದಿದ್ರೆ ಸುತಾರಾಂ ಆಗಲ್ಲ ಅಂತಿದ್ದೆ. ಈಗಲೂ ಪೂರ್ತಿ ಒಪ್ಪಿಗೆ ಇಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇಷ್ಟು ಜನದ ಮುಂದೆ, ಮನಸಾರೆ ಕೈಮುಗಿದಿದೀನಿ ಈ ಮುಖಕ್ಕೆ. ಇನ್ನು ಬೇಡ ಅಂದ್ರೆ ನನ್ನ ನಾಲಿಗೆಗೆ ಹುಳ ಬೀಳಲ್ವಾ?"

ತಾಯಮ್ಮ ಹೇಳಿದಳು: "ಕೈಮುಗಿದೆ ಅನ್ನೋ ಭಯಕ್ಕೆ ಒಪ್ಪಬೇಡಿ ಅಮ್ಮ. ನಾನು ಬೇಕು ಅನ್ಸಿದ್ರೆ ಮಾತ್ರ ಒಪ್ಪಿ."

ಅನಂತಲಕ್ಷ್ಮಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಮುಖದ ಬಿಗಿ ನಿಧಾನವಾಗಿ ಸಡಿಲವಾಯಿತು. "ಭಯಾನಾ? ನಂಗಾ?" ಅಂದರು. "ಪರವಾಗಿಲ್ಲ ಕಣೋ ಸೇತು, ನನ್ನೆದುರು ನಿಂತು ಮಾತಾಡೋ ಒಬ್ಬಳನ್ನ ಹುಡುಕಿದೀಯ."

ತಟ್ಟೆಯಲ್ಲಿ ಉಳಿದಿದ್ದ ಕುಂಕುಮವನ್ನು ಬೆರಳ ತುದಿಯಲ್ಲಿ ತೆಗೆದುಕೊಂಡರು. ಅವಳು ಎತ್ತರದ ಹುಡುಗಿ, ಅವರು ಹಿಮ್ಮಡಿ ಎತ್ತಿ ನಿಲ್ಲಬೇಕಾಯಿತು. ತಾಯಮ್ಮ ಬಗ್ಗಲು ಹೋದಳು.

"ಬಗ್ಗಬೇಡ. ನೆಟ್ಟಗೆ ನಿಲ್ಲು," ಅಂತ ಗದರಿ, ಆ ಅಗಲ ಹಣೆಯ ನಡುವೆ ಕುಂಕುಮ ಇಟ್ಟರು. "ಅಲ್ಲಿ ಇಟ್ಟಿದ್ದು ಎಲ್ಲರ ತಾಯಿಗೆ. ಇದು ನನ್ನ ಸೊಸೆಗೆ."