ಗುಲಾಬಿ ಮುಳ್ಳು ಎಬ್ಬಿಸಿದ ಕಪ್ಪು ಗಂಟು

ಡೆನ್ಮಾರ್ಕಿನ ಓರ್ಹುಸ್‌ನ ಆಸ್ಪತ್ರೆಯಲ್ಲಿ, ಚರ್ಮರೋಗ ವಿಭಾಗದ ಬಾಗಿಲಲ್ಲಿ ಗೆಳೆಯ ಆಂಕರ್ ಕಂಡಾಗ ಸೋಲ್ವೈ ಹಾಸಿಗೆಯಲ್ಲಿ ಎದ್ದು ಕೂತಳು. ಮರುಕ್ಷಣವೇ ತುಟಿ ಕೊಂಕಿತು. ಓಹೋ, ಹೇಡಿ ಮಹಾಶಯರಿಗೆ ಕೊನೆಗೂ ದಾರಿ ಸಿಕ್ಕಿತು!

"ಅಷ್ಟು ದೂರ ಸಾಕಾ, ಇನ್ನೂ ಹಿಂದೆ ಹೋಗ್ತೀಯಾ?"

ಆಂಕರ್ ಬಾಗಿಲಿಗೇ ಅಂಟಿಕೊಂಡು ನಿಂತ.

ಕಳೆದ ವರ್ಷ ಅವಳಿಗೆ ಕಿಡ್ನಿ ಕಸಿಯಾಗಿತ್ತು. ದೇಹ ಅದನ್ನು ಹೊರಗಟ್ಟದಿರಲೆಂದು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸಿದ್ದವು. ಬೇಸಿಗೆಯಲ್ಲಿ ಆಂಕರ್‌ನ ತೋಟದಲ್ಲಿ ಗುಲಾಬಿ ಮುಳ್ಳೊಂದು ಕೈಗೆ ಚುಚ್ಚಿತು. ಬೇರೆಯವರಾಗಿದ್ದರೆ ಮರುದಿನ ಮರೆತುಬಿಡುತ್ತಿದ್ದರು. ಅವಳಿಗೆ ಮಾತ್ರ ಮಣ್ಣಿನ ಬೂಷ್ಟು ಚರ್ಮದೊಳಗೆ ಬೇರೂರಿ, ಮುಂಗೈ ಮೇಲೆ ಕಪ್ಪು ಗಂಟುಗಳೆದ್ದವು.

ಅಂದಿನಿಂದ ಜನರ ಬಣ್ಣ ಬಯಲಾಯಿತು. ಗೆರ್ಡಾ ಚಿಕ್ಕಮ್ಮ ಅವಳ ಕಾಫಿ ಕಪ್ಪನ್ನು ಬೇರೆ ಇಟ್ಟಳು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ ಎಂದು ಡಾಕ್ಟರು ಹೇಳಿದರೂ ಆ ಪುಣ್ಯಾತ್ಗಿತ್ತಿಯ ತಲೆಗೆ ಹೋಗಲಿಲ್ಲ. ಅದಾದರೂ ಹೋಗಲಿ... ಸೋಲ್ವೈ ಕೈ ಚಾಚಿದಾಗ ಆಂಕರ್ ತನ್ನ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡಿದ್ದ! ಆಮೇಲೆ ಆಸಾಮಿಯ ಪತ್ತೆಯೇ ಇಲ್ಲ.

"ಅಸಹ್ಯ ಆಗ್ತಿದೆ ಅಂತ ಬಾಯಿಬಿಟ್ಟು ಹೇಳೋಕೂ ಧೈರ್ಯ ಬೇಕು, ಆಂಕರ್. ನಿನಗೆ ಅದೂ ಇಲ್ಲ."

"ಅಸಹ್ಯ ಆಗಿದ್ದು ನನ್ನ ಮೇಲೆ ನನಗೇ." ಅವನು ಹಾಸಿಗೆಯ ಬಳಿ ಬಂದ. "ಅವತ್ತು ನೀನು ಗ್ಲೌಸ್ ಕೇಳಿದ್ದೆ. ಒಂದು ಮುಳ್ಳಿಗೆ ಹೆದರ್ತೀಯಾ ಅಂತ ನಕ್ಕಿದ್ದು ನಾನು. ಆಮೇಲೆ ನೀನು ಕೈ ಚಾಚಿದಾಗ ನನ್ನ ಉಗುರಲ್ಲಿ ಅದೇ ತೋಟದ ಮಣ್ಣಿತ್ತು, ಸೋಲ್ವೈ. ಅದು ನಿನಗೆ ಮತ್ತೆ ತಾಗಿಬಿಟ್ರೆ ಅಂತ..."

ಅವನು ಎರಡೂ ಕೈ ಮುಂದೆ ಮಾಡಿದ. ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದ. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ ಬಿರಿದಿತ್ತು.

ಅಯ್ಯೋ ಪೆದ್ದೇ... ಇಷ್ಟು ದಿನ ಬಿಗಿದುಕೊಂಡಿದ್ದ ತಿರಸ್ಕಾರ ಅವಳೊಳಗೆ ಸಡಿಲವಾಯಿತು. ಆದರೆ ನಾಲಿಗೆ ಸುಮ್ಮನಿರಬೇಕಲ್ಲ?

"ಫೋನಲ್ಲಿ ಹೇಳೋಕೂ ಮಣ್ಣು ಅಡ್ಡ ಬಂತಾ?"

"ನಾಚಿಕೆ ಅಡ್ಡ ಬಂತು."

ಅವನು ಚೀಲದಿಂದ ಹೊಸ ಗ್ಲೌಸ್ ತೆಗೆದ. ದಪ್ಪ ಚರ್ಮದ್ದು, ಅವಳದೇ ಅಳತೆಯದು.

"ರೋಗಿನ ನೋಡೋಕೆ ಬರೋರು ಹೂ ತರ್ತಾರೆ."

"ಹೂವಿಂದ್ಲೇ ಅಲ್ವಾ ಇಷ್ಟೆಲ್ಲ ಆಗಿದ್ದು? ಹಾಕ್ಕೊಂಡು ನೋಡು."

"ತೋಟಕ್ಕೆ ಬಂದಾಗ ಹಾಕ್ಕೋತೀನಿ." ಕಪ್ಪು ಗಂಟುಗಳಿದ್ದ ಕೈಯನ್ನೇ ಅವಳು ಮತ್ತೆ ಚಾಚಿದಳು. "ಈಗ ಹಿಡ್ಕೋ."

ಈ ಸಲ ಅವನು ಹಿಂದೆ ಸರಿಯಲಿಲ್ಲ. ಆ ಒರಟು ಬೆರಳುಗಳಿಂದ ಅವಳ ಕೈ ಹಿಡಿದುಕೊಂಡ.

"ಚೆನ್ನಾಗಿ ತೊಳೆದಿದ್ದೀನಿ," ಎಂದ.

"ಕಾಣ್ತಿದೆ, ದಡ್ಡ. ಇನ್ಮೇಲೆ ಸ್ವಲ್ಪ ಕಮ್ಮಿ ತೊಳಿ."